ಕುಂಬಾರನ ಕತ್ತೆ ಮತ್ತು ಕಲ್ಲಿನ ದೂಳು

2024ರ ಡಿಸೆಂಬರ್ 15, ಭಾನುವಾರ. ತಬಲಾ ಮಾಂತ್ರಿಕ ಜಾಕಿರ್ ಹುಸೇನ್ ಸ್ಯಾನ್ ಫ್ರಾನ್ಸಿಸ್ಕೊದ ಆಸ್ಪತ್ರೆಯಲ್ಲಿದ್ದಾರೆ ಎಂಬ ಸುದ್ದಿ ಬಂತು. ಮೊದಲು ಹೇಳಿದ್ದು ಹೃದಯದ ತೊಂದರೆ ಎಂದು. ರಾತ್ರಿಯಾಗುವಷ್ಟರಲ್ಲಿ ಸಾವಿನ ಸುದ್ದಿಯೇ ಹರಡಿತು, ಅಲ್ಲವೆಂಬ ಮಾತೂ ಬಂತು, ಬೆಳಗಾಗುವ ಹೊತ್ತಿಗೆ ಅದೇ ನಿಜವಾಗಿತ್ತು. ಅವರಿಗೆ 73 ವರ್ಷ. ಕುಟುಂಬದ ಹೇಳಿಕೆಯಲ್ಲಿ ಕಾರಣವೆಂದು ಇದ್ದದ್ದು ಬೇರೊಂದು ಹೆಸರು: ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್ ಮತ್ತು ಅದು ತಂದ ತೊಡಕುಗಳು. ಏಕೆಂದು ತಿಳಿಯದೆಯೇ ಶ್ವಾಸಕೋಶ ನಾರುಗಟ್ಟುತ್ತ ಹೋಗುವ ಕಾಯಿಲೆ ಅದು.

ಹಾಗಾದರೆ ಮೊದಲ ಸುದ್ದಿ ಸುಳ್ಳೇ? ಇರಲಾರದು. ಈ ಕಾಯಿಲೆಯಲ್ಲಿ ಹೃದಯವೂ ಶ್ವಾಸಕೋಶವೂ ಸಾವಿನ ಹೊಣೆಯನ್ನು ಒಂದರ ಮೇಲೊಂದು ಹಾಕಬಲ್ಲವು. ನಮ್ಮ ಶ್ವಾಸಕೋಶದಲ್ಲಿ ಸುಮಾರು 30 ಕೋಟಿ ಗಾಳಿಚೀಲಗಳಿವೆ. ಅವುಗಳ ಗೋಡೆ ಎಷ್ಟು ತೆಳುವೆಂದರೆ ಆಮ್ಲಜನಕ ಸುಮ್ಮನೆ ದಾಟಿ ರಕ್ತ ಸೇರುತ್ತದೆ. ಗಾಯ ಮಾಗಿದ ಚರ್ಮದಲ್ಲಿ ಗಟ್ಟಿ ಕಲೆ ಉಳಿಯುವಂತೆ ಆ ಗೋಡೆಗಳಲ್ಲಿ ಕಲೆ ಬೆಳೆದರೆ ಆಮ್ಲಜನಕಕ್ಕೆ ದಾರಿ ಕಟ್ಟುತ್ತದೆ, ಶ್ವಾಸಕೋಶ ಬಿಗಿಯುತ್ತದೆ. ಅದರೊಳಗೆ ರಕ್ತ ತಳ್ಳಬೇಕಾದ ಹೃದಯದ ಬಲಭಾಗ ವರ್ಷಗಟ್ಟಲೆ ಹೆಣಗಿ ಕೊನೆಗೆ ಸೋಲುತ್ತದೆ. ಆ ರಾತ್ರಿ ಡ್ಯೂಟಿಯಲ್ಲಿರುವ ವೈದ್ಯರು ಬರೆಯುವುದು ‘ಹೃದಯ ವೈಫಲ್ಯ’. ಅದು ತಪ್ಪಲ್ಲ, ಪೂರ್ತಿಯೂ ಅಲ್ಲ.

1990ರಲ್ಲಿ ಅಮೆರಿಕದ ಸಂಶೋಧಕರು ಇಂಥ ರೋಗಿಗಳ 326 ಸಾವುಗಳನ್ನು ಪರಿಶೀಲಿಸಿದರು. ಉಸಿರಾಟ ಸೋತು ಸತ್ತವರು ಶೇ 39ರ ಆಸುಪಾಸು. ಶೇ 14ರಷ್ಟು ಜನರಿಗೆ ಹೃದಯ ವೈಫಲ್ಯ. ಶ್ವಾಸಕೋಶದ ಕ್ಯಾನ್ಸರ್ ಶೇ 10, ಹೃದಯದ ರಕ್ತನಾಳದ ಕಾಯಿಲೆ ಹೆಚ್ಚುಕಡಿಮೆ ಅಷ್ಟೇ, ಮಿಕ್ಕವರಲ್ಲಿ ಸೋಂಕು, ರಕ್ತ ಹೆಪ್ಪುಗಟ್ಟಿದ್ದು ಇತ್ಯಾದಿ. 2008ರಲ್ಲಿ ಮೇಯೊ ಕ್ಲಿನಿಕ್‌ನವರು ಇಂಥ 42 ಮಂದಿಯ ಮರಣೋತ್ತರ ಪರೀಕ್ಷೆಯ ವಿವರ ಪ್ರಕಟಿಸಿದರು. ಶೇ 29ರಷ್ಟು ಮಂದಿಯಲ್ಲಿ ಕಂಡದ್ದು ಕಾಯಿಲೆಯೇ ದಿಢೀರೆಂದು ಉಲ್ಬಣಿಸಿದ್ದು, ಸುಮಾರು ಕಾಲುಭಾಗದಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆ. ಒಂದೇ ಕಾಯಿಲೆಯವರು, ಹತ್ತು ಬಗೆಯ ಸಾವು.

‘ಸಾವಿಗೊಂದು ನೆಪ ಬೇಕಷ್ಟೇ’ ಎಂದು ಹಳ್ಳಿಯ ಹಿರಿಯರು ಹೇಳುವುದು ಇದನ್ನೇ. ಆದರೆ ಹಾಗೆ ಹೇಳಿ ಎದ್ದುಹೋಗುವ ಹಕ್ಕು ಯಾರಿಗಿದೆ? ಕಾಯಿಲೆಗೆ ಕಾರಣ ಗೊತ್ತಿಲ್ಲದವರ ಮನೆಯಲ್ಲಿ ಆ ಮಾತು ಸಮಾಧಾನ ತರಬಹುದು. ಕಲ್ಲಿನ ದೂಳು ಕುಡಿದು ಅದೇ ರೀತಿ ಶ್ವಾಸಕೋಶ ಕಲೆಗಟ್ಟಿ ಸತ್ತವನ ಮನೆಯಲ್ಲಿ ಅದೇ ಮಾತಿಗೆ ಬೇರೆಯೇ ಅರ್ಥವಿದೆ. ಅಲ್ಲಿ ನೆಪ ಯಾವುದು, ಕಾರಣ ಯಾವುದು ಎಂಬ ಪ್ರಶ್ನೆಗೆ ಲಕ್ಷಗಳ ಲೆಕ್ಕದಲ್ಲಿ ಬೆಲೆ ಕಟ್ಟಲಾಗಿದೆ.

ಕಾರಣದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲಿ ನಮ್ಮ ನೈಯಾಯಿಕರಷ್ಟು, ಅಂದರೆ ನ್ಯಾಯದರ್ಶನದ ತಾರ್ಕಿಕರಷ್ಟು, ಹಟಮಾರಿಗಳು ಕಡಿಮೆ. ಮಡಕೆ ಆಗಬೇಕಾದರೆ ಮಣ್ಣು ಬೇಕು, ಮಣ್ಣಿನ ಎರಡು ಹೋಳುಗಳ ಜೋಡಣೆ ಬೇಕು, ಕುಂಬಾರನೂ ಅವನ ಕೋಲೂ ತಿಗರಿಯೂ ಬೇಕು. ಸಮವಾಯಿ, ಅಸಮವಾಯಿ, ನಿಮಿತ್ತ ಎಂದು ಅವರು ಮೂರು ಬಗೆಯ ಕಾರಣ ಹೇಳಿದರು. ಅಲ್ಲಿಗೇ ನಿಲ್ಲಲಿಲ್ಲ. ಮಡಕೆಗಿಂತ ಮೊದಲು ಇದ್ದದ್ದೆಲ್ಲ ಕಾರಣವಾಗುವುದಾದರೆ ಜಗತ್ತೇ ಕಾರಣವಾದೀತು, ಆಗ ಕಾರಣವೆಂಬ ಮಾತಿಗೇ ಅರ್ಥವಿರದು ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಇದ್ದೂ ಲೆಕ್ಕಕ್ಕೆ ಬಾರದವುಗಳ ಪಟ್ಟಿಯೊಂದನ್ನು ಮಾಡಿ ‘ಅನ್ಯಥಾಸಿದ್ಧ’ ಎಂದು ಹೆಸರಿಟ್ಟರು. 17ನೇ ಶತಮಾನದ ವಿಶ್ವನಾಥ ಪಂಚಾನನ ತನ್ನ ‘ಭಾಷಾಪರಿಚ್ಛೇದ’ದಲ್ಲಿ ಐದು ಕೊಡುತ್ತಾನೆ: ಕೋಲಿನ ಕೋಲುತನ, ಕೋಲಿನ ಬಣ್ಣ, ಆಕಾಶ, ಕುಂಬಾರನ ಅಪ್ಪ, ಮಣ್ಣು ಹೊತ್ತು ತಂದ ಕತ್ತೆ. ಪಾಠಶಾಲೆಗಳಲ್ಲಿ ಇಂದಿಗೂ ಅದರ ವ್ಯಾಖ್ಯಾನವಾದ ‘ಮುಕ್ತಾವಲೀ’ ಓದುವ ಹುಡುಗರು ಈ ಕತ್ತೆಯ ಹತ್ತಿರ ಬಂದಾಗ ನಗುತ್ತಾರೆ. ನಗುವ ವಿಷಯವೇನಲ್ಲ. ಕತ್ತೆ ಇರದಿದ್ದರೆ ಗಾಡಿಯಲ್ಲೋ ತಲೆಹೊರೆಯಲ್ಲೋ ಮಣ್ಣು ಬರುತ್ತಿತ್ತು, ಮಡಕೆ ಆಗಿಯೇ ಆಗುತ್ತಿತ್ತು. ಆದ್ದರಿಂದ ಕತ್ತೆ ಕಾರಣವಲ್ಲ. ಅದನ್ನು ಬಿಟ್ಟು ನೋಡು, ಕಾರ್ಯ ನಿಲ್ಲುತ್ತದೆಯೇ ನೋಡು ಎಂಬ ಪರೀಕ್ಷೆ ಇದು.

ಇದನ್ನು ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳಿಗೆ ಒಯ್ದು ನೋಡಬಹುದು. ಅಲ್ಲಿನ ಆದಿವಾಸಿಗಳು ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಜರಾತಿನ ಗೋಧ್ರಾ ಕಡೆಗೆ ಗುಳೆ ಹೋಗುತ್ತಿದ್ದರು. ಅಲ್ಲಿ ಬೆಣಚುಕಲ್ಲನ್ನು ಪುಡಿ ಮಾಡುವ ಕಾರ್ಖಾನೆಗಳು. ಬೆಣಚುಕಲ್ಲೆಂದರೆ ಬಹುಪಾಲು ಸಿಲಿಕಾ. ಐದು ಮೈಕ್ರಾನ್‌ಗಿಂತ ಸಣ್ಣ ಕಣವಾದರೆ ಮೂಗಿನ ರೋಮವೂ ತಡೆಯದು, ಗಂಟಲಿನ ಕಫವೂ ಹಿಡಿಯದು. ನೇರ ಗಾಳಿಚೀಲ ಸೇರುತ್ತದೆ. ಅಲ್ಲಿ ಕಾವಲಿರುವ ರಕ್ಷಕಕೋಶ ಅದನ್ನು ನುಂಗುತ್ತದೆ, ಅರಗಿಸಲಾರದೆ ಸಾಯುತ್ತದೆ, ಸಾಯುವಾಗ ಸುತ್ತಲೂ ಉರಿಯೂತ ಹಬ್ಬಿಸುತ್ತದೆ. ಕಣ ಮಾತ್ರ ಹಾಗೇ ಉಳಿದು ಇನ್ನೊಂದು ಕೋಶಕ್ಕೆ ಸಿಗುತ್ತದೆ. ಹೀಗೆ ಕಲೆ ಬೆಳೆಯುತ್ತ ಹೋಗುತ್ತದೆ, ಕೆಲಸ ಬಿಟ್ಟು ಊರಿಗೆ ಮರಳಿದ ಮೇಲೂ. ಸಾಮಾನ್ಯವಾಗಿ ಇದಕ್ಕೆ ಹತ್ತಿಪ್ಪತ್ತು ವರ್ಷ ಬೇಕು. ಗೋಧ್ರಾದ ದೂಳು ಎಷ್ಟು ದಟ್ಟವಾಗಿತ್ತೆಂದರೆ ಕೆಲವೇ ತಿಂಗಳು ದುಡಿದು ಬಂದ ಹರೆಯದವರೂ ಏದುಸಿರು ಬಿಡುತ್ತ ಮಲಗಿದರು.

ಊರಿನಲ್ಲಿ ಅವರಿಗೆ ಸಿಕ್ಕ ಹೆಸರು ಕ್ಷಯ. ಕೆಮ್ಮು, ಜ್ವರ, ಸೊರಗುವ ಮೈ, ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆ. ಹೊರನೋಟಕ್ಕೆ ಎರಡೂ ಒಂದೇ. ಅದೂ ಪೂರ್ತಿ ಸುಳ್ಳಲ್ಲ. ಸಿಲಿಕಾ ಕಾವಲುಗಾರ ಕೋಶಗಳನ್ನೇ ಕೊಲ್ಲುವುದರಿಂದ ಕ್ಷಯದ ಸೋಂಕು ಅಂಥವರಿಗೆ ಬಲು ಸುಲಭವಾಗಿ ತಗಲುತ್ತದೆ. ಆದರೆ ಟಿ.ಬಿ. ಎಂದು ಬರೆದ ಕೂಡಲೇ ಕಾರ್ಖಾನೆ ಕತೆಯಿಂದ ಹೊರಗೆ ಬೀಳುತ್ತದೆ. ಕ್ಷಯ ಬ್ಯಾಕ್ಟೀರಿಯಾದಿಂದ ಬರುತ್ತದೆ, ಬ್ಯಾಕ್ಟೀರಿಯಾಕ್ಕೆ ಮಾಲೀಕರಿಲ್ಲ.

ಮಾಲೀಕನ ವಾದವನ್ನು ನ್ಯಾಯಶಾಸ್ತ್ರದ ಭಾಷೆಗೆ ತಂದರೆ ಹೀಗಿರುತ್ತದೆ: ಸತ್ತದ್ದು ಕ್ಷಯದಿಂದ, ನಾನು ಹೆಚ್ಚೆಂದರೆ ಕುಂಬಾರನ ಅಪ್ಪ, ಎಂದೋ ಹಿಂದೆ ಇದ್ದವನು. ನಮ್ಮ ಗಾದೆಯಲ್ಲಿ ಹೇಳುವುದಾದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಸರಿ, ಕತ್ತೆಯ ಪರೀಕ್ಷೆಯನ್ನೇ ಒಡ್ಡೋಣ. ಯಂತ್ರಕ್ಕೆ ಮುಚ್ಚಳ ಹಾಕಿ, ಕಲ್ಲಿಗೆ ನೀರು ಹಾಯಿಸಿ, ದೂಳು ಹೀರುವ ಫ್ಯಾನ್ ಕೂರಿಸಿದ್ದರೆ ಆ ಯುವಕನ ಶ್ವಾಸಕೋಶ ಕಲೆಗಟ್ಟುತ್ತಿತ್ತೇ? ಇಲ್ಲ. ಕಾರ್ಯ ಅಲ್ಲಿಗೇ ನಿಲ್ಲುತ್ತದೆ. ಹಾಗಾದರೆ ಮಾಲೀಕ ಅಪ್ಪನೂ ಅಲ್ಲ, ಕತ್ತೆಯೂ ಅಲ್ಲ, ಕುಂಬಾರನೇ.

ಉಳಿಯುವುದು ಕಾಲದ ಅಂತರ. ಹತ್ತು ವರ್ಷದ ಹಿಂದೆ ಬಿಟ್ಟ ಕೆಲಸ ಇಂದಿನ ಸಾವಿಗೆ ಹೇಗೆ ಕಾರಣವಾದೀತು? ಕುತೂಹಲದ ಸಂಗತಿಯೆಂದರೆ ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಎದುರಿಸಿದ್ದರು, ಅದೂ ಯಜ್ಞದ ವಿಷಯದಲ್ಲಿ. ಇಂದು ಮಾಡಿದ ಯಜ್ಞ ಇಂದೇ ಮುಗಿಯುತ್ತದೆ, ಸ್ವರ್ಗ ಸಿಗುವುದು ಸತ್ತ ಮೇಲೆ. ನಡುವಿನ ಬಿಡುವನ್ನು ತುಂಬುವುದು ಯಾವುದು? ಮೀಮಾಂಸಕರು ‘ಅಪೂರ್ವ’ ಎಂದರು, ನೈಯಾಯಿಕರು ‘ಅದೃಷ್ಟ’ ಎಂದರು. ಕಾಣದೆ ಉಳಿದು ಸಮಯ ಬಂದಾಗ ಫಲ ಕೊಡುವ ಶಕ್ತಿ. ಕಾಣದ ಅಪೂರ್ವವನ್ನು ನಂಬಿ ಸಾವಿರಾರು ವರ್ಷ ಹೋಮ ಮಾಡಿದ ನಾಡು ಇದು. ಸಿಲಿಕಾದ ವಿಷಯದಲ್ಲಿ ಅಷ್ಟು ನಂಬಿಕೆಯೂ ಬೇಕಿಲ್ಲ. ನಡುವಿನ ವರ್ಷಗಳಲ್ಲಿ ಆ ದೂಳು ಎದೆಯೊಳಗೇ ಇರುತ್ತದೆ, ಅದು ಮಾಡಿದ ಕಲೆ ಎಕ್ಸ್‌ರೇಯಲ್ಲಿ ಕಾಣುತ್ತದೆ.

ಗೋಧ್ರಾ ಪ್ರಕರಣದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಇದನ್ನು ಒಪ್ಪಿತು. ಸತ್ತ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಆ ಹಣ ಕೊಡುವಂತೆ ಸುಪ್ರೀಂ ಕೋರ್ಟ್ ಗುಜರಾತ್ ಸರ್ಕಾರಕ್ಕೆ ಆದೇಶಿಸಿದ್ದು 2016ರ ಮೇ ತಿಂಗಳಲ್ಲಿ. ಯಜ್ಞದ ಫಲದಷ್ಟೇ ನಿಧಾನ ಎನ್ನಬೇಕು.

ಹೆಸರು ಬದಲಿಸುವ ಈ ವಿದ್ಯೆ ಭಾರತದ್ದಷ್ಟೇ ಅಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1930–31ರಲ್ಲಿ ಹಾಕ್ಸ್ ನೆಸ್ಟ್ ಎಂಬಲ್ಲಿ ಸುರಂಗ ತೋಡಲಾಯಿತು. ಬಂಡೆ ಬಹುಪಾಲು ಸಿಲಿಕಾ, ನೀರು ಹಾಯಿಸದೆ ಒಣಗೊರೆತ, ಕೆಲಸಗಾರರಲ್ಲಿ ಹೆಚ್ಚಿನವರು ದಕ್ಷಿಣದಿಂದ ಬಂದ ಕಪ್ಪು ಜನ. ಸತ್ತವರ ದಾಖಲೆಯಲ್ಲಿ ನ್ಯುಮೋನಿಯಾ, ಕ್ಷಯ ಎಂದು ಬರೆಯಲಾಯಿತು. ಅರ್ಧ ಶತಮಾನದ ಬಳಿಕ ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯ ಲೆಕ್ಕ ಹಾಕಿದಾಗ ಸಿಕ್ಕ ಅಂದಾಜು 764 ಸಾವು.

ಇನ್ನೂ ಹಿಂದಿನ ಜಗಳವೊಂದು ಇದಕ್ಕಿಂತ ಸ್ವಾರಸ್ಯದ್ದು. ಇಂಗ್ಲೆಂಡಿನಲ್ಲಿ 1837ರಿಂದ ಸಾವಿನ ನೋಂದಣಿ ಶುರುವಾದಾಗ ಲೆಕ್ಕ ನೋಡುತ್ತಿದ್ದವನು ವಿಲಿಯಂ ಫಾರ್. ಮೊದಲ ವರದಿಯಲ್ಲಿ ಅವನು 63 ಸಾವುಗಳಿಗೆ ಕಾರಣ ‘ಉಪವಾಸ’ ಎಂದು ನಮೂದಿಸಿದ. ಬಡವರ ಕಾಯಿದೆಯನ್ನು ನಡೆಸುತ್ತಿದ್ದ ಎಡ್ವಿನ್ ಚಾಡ್ವಿಕ್ ಕೆರಳಿದ. ತನ್ನ ಆಡಳಿತದಲ್ಲಿ ಅನ್ನವಿಲ್ಲದೆ ಜನ ಸಾಯುವುದೆಂದರೇನು? ಸತ್ತದ್ದು ಬೇರೆ ಬೇರೆ ರೋಗದಿಂದ ಎಂಬುದು ಅವನ ಪಟ್ಟು. ಹಸಿವು ನೇರವಾಗಿ ಕೊಲ್ಲುವುದಕ್ಕಿಂತ ರೋಗವನ್ನು ಕರೆದು ಅದರಿಂದ ಕೊಲ್ಲಿಸುವುದೇ ಹೆಚ್ಚು ಎಂಬುದು ಫಾರ್‌ನ ಉತ್ತರ. ಕ್ಷಯಕ್ಕೂ ಸಿಲಿಕಾಕ್ಕೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಕರ್ನಾಟಕಕ್ಕೆ ಬಂದರೆ ಕೋಲಾರದ ಚಿನ್ನದ ಗಣಿ ಇದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿದ ಕತೆಯನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಗಳಲ್ಲಿ ಎಂಬುದನ್ನೂ, ಅದನ್ನು ಕೊರೆದವರು ಏನನ್ನು ಉಸಿರಾಡಿದರು ಎಂಬುದನ್ನೂ ಯಾರೂ ಕೇಳುವುದಿಲ್ಲ. ಸಿಲಿಕಾ ದೂಳಿನ ಈ ಕಾಯಿಲೆ, ಅಂದರೆ ಸಿಲಿಕೋಸಿಸ್, ಭಾರತದಲ್ಲಿ ಮೊದಲು ವರದಿಯಾದದ್ದು ಮೈಸೂರು ಸಂಸ್ಥಾನದ ಈ ಗಣಿಗಳಿಂದ, 1947ರಲ್ಲಿ, ಎಂದು ವೈದ್ಯಕೀಯ ವಿದ್ಯಾರ್ಥಿಗಳು ಓದುವ ಪಠ್ಯ ಹೇಳುತ್ತದೆ. ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟದ್ದು 1880ರ ಸುಮಾರಿಗೆ. ನಡುವಿನ ಅರವತ್ತು ಚಿಲ್ಲರೆ ವರ್ಷ ಗಣಿಗಳಲ್ಲಿ ಸಿಲಿಕಾ ಇತ್ತು, ಶ್ವಾಸಕೋಶಗಳೂ ಇದ್ದವು. ಇಲ್ಲದ್ದು ಹೆಸರು ಮಾತ್ರ. ಆ ಕಾಲದ ಸಾವುಗಳನ್ನು ಮನೆಯವರು ಆಯಸ್ಸು ಮುಗಿಯಿತು, ಋಣ ತೀರಿತು, ಹಣೆಬರಹ ಎಂದು ಕರೆದಿರಬಹುದು. ಇಂಥ ಹೊತ್ತಿನಲ್ಲಿ ನಮ್ಮ ಜನ ಆಡುವ ಮಾತುಗಳು ಇವೇ ತಾನೇ.

ಇಲ್ಲಿಯೇ ಧರ್ಮದ ಪ್ರಶ್ನೆ ಏಳುತ್ತದೆ. ಕರ್ಮವೂ ಒಂದು ಕಾರಣವೇ? ಹೌದಾದರೆ ಪಟ್ಟಿಯಲ್ಲಿ ಅದರ ಜಾಗ ಎಲ್ಲಿ?

ರಾಜಗೃಹದ ವೇಣುವನದಲ್ಲಿ ಮೋಲಿಯ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಇದನ್ನೇ ಕೇಳಿದ ಕತೆ ಸಂಯುತ್ತ ನಿಕಾಯದಲ್ಲಿದೆ. ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು ಅವನ ಪ್ರಶ್ನೆ. ಬುದ್ಧ ಒಪ್ಪುವುದಿಲ್ಲ. ಪಿತ್ತದಿಂದ ಬರುವ ನೋವಿದೆ, ಕಫದಿಂದ, ವಾತದಿಂದ, ಮೂರೂ ಕೆಟ್ಟು ಬರುವುದಿದೆ, ಋತು ಬದಲಾಗಿ ಬರುವುದಿದೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದೆ ಬರುವುದಿದೆ, ಹೊರಗಿನ ಪೆಟ್ಟಿನಿಂದ ಬರುವುದಿದೆ, ಕರ್ಮಫಲ ಎಂಟನೆಯದು. ಎಲ್ಲವನ್ನೂ ಕರ್ಮಕ್ಕೆ ಕಟ್ಟುವವರು ತಾವು ಕಣ್ಣಾರೆ ಬಲ್ಲದ್ದನ್ನೂ ಲೋಕ ಬಲ್ಲದ್ದನ್ನೂ ಮೀರಿ ಮಾತಾಡುತ್ತಾರೆ ಎಂದು ಅವನ ತೀರ್ಪು. ಭಗವದ್ಗೀತೆಯ 18ನೇ ಅಧ್ಯಾಯವೂ ಯಾವುದೇ ಕೆಲಸಕ್ಕೆ ಐದು ಕಾರಣ ಎಣಿಸುತ್ತದೆ: ನೆಲೆ, ಕರ್ತೃ, ಸಾಧನಗಳು, ಬಗೆಬಗೆಯ ಚಟುವಟಿಕೆ, ದೈವ. ಅಲ್ಲೂ ದೈವ ಐದನೆಯದು. ಎರಡು ಪರಂಪರೆಗಳು, ಎರಡೂ ಕಾಣದ್ದನ್ನು ಪಟ್ಟಿಯ ಕೊನೆಗೆ ಇಟ್ಟಿವೆ. ನಾವು ಮಾತ್ರ ಅದನ್ನು ಮೊದಲಿಗೆ ಎಳೆದು ತಂದು, ಉಳಿದ ನಾಲ್ಕೋ ಏಳೋ ಕಾರಣಗಳ ಗೊಡವೆಗೇ ಹೋಗುವುದಿಲ್ಲ. ಇದನ್ನು ಭಕ್ತಿ ಎಂದು ಕರೆಯುವುದು ವಾಡಿಕೆ. ಸೋಮಾರಿತನ ಎಂದರೆ ಹೆಚ್ಚು ಸರಿ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಗುರುವನ್ನು ನೇರವಾಗಿಯೇ ಕೇಳುತ್ತಾನೆ: ಆಯಸ್ಸು ಮೊದಲೇ ಗೊತ್ತುಮಾಡಿದ್ದೋ ಅಲ್ಲವೋ? ಆತ್ರೇಯನ ಉತ್ತರ ಬಂಡಿಯ ಅಚ್ಚಿನದು. ಒಳ್ಳೆಯ ಅಚ್ಚು ತನ್ನ ಕಾಲ ಬಂದಾಗ ಸವೆದು ಮುಗಿಯುತ್ತದೆ, ಅದು ಕಾಲಮರಣ. ಅದೇ ಅಚ್ಚು ಮಿತಿಮೀರಿ ಹೇರು ಹೇರಿದರೆ, ಹಾದಿ ತಗ್ಗುದಿಣ್ಣೆಯಾದರೆ, ಹೊಡೆಯುವವನು ಕೆಟ್ಟವನಾದರೆ, ಎಣ್ಣೆ ಕಾಣದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ, ಅದು ಅಕಾಲಮರಣ. ಎಲ್ಲವೂ ನಿಗದಿಯೇ ಆಗಿದ್ದರೆ ಔಷಧಿ ಯಾಕೆ, ಹಾವು ಕಂಡರೆ ಓಡುವುದು ಯಾಕೆ ಎಂಬ ಧಾಟಿಯ ವಾದವೂ ಅಲ್ಲಿದೆ. ಅದೇ ಅಧ್ಯಾಯ ಗಾಳಿ, ನೀರು, ನೆಲ, ಕಾಲ ಕೆಟ್ಟಾಗ ಊರಿಗೆ ಊರೇ ಸಾಯುವುದರ ಕುರಿತದ್ದು ಎಂಬುದು ಆಕಸ್ಮಿಕವಲ್ಲ. ಬೇರೆ ಬೇರೆ ದೇಹಪ್ರಕೃತಿಯ ಜನ ಒಟ್ಟಿಗೆ ಸತ್ತಾಗ ಒಬ್ಬೊಬ್ಬರ ಕರ್ಮವನ್ನು ಹುಡುಕದೆ ಎಲ್ಲರೂ ಹಂಚಿಕೊಂಡ ಗಾಳಿಯನ್ನು ನೋಡು ಎಂಬ ವಿವೇಕ ಅದು. ಕ್ರಷರ್ ಸುತ್ತಲಿನ ಊರುಗಳಿಗೆ ಬೇರೆ ಶಾಸ್ತ್ರ ಬೇಕಿಲ್ಲ.

ಹಾಗೆಂದು ದೈವಕ್ಕೆ ಜಾಗವೇ ಇಲ್ಲವೇ? ಜಾಕಿರ್ ಹುಸೇನರಿಗೆ ಬಂದಂಥ ಕಾಯಿಲೆಯಲ್ಲಿ ವೈದ್ಯವಿಜ್ಞಾನವೇ ಕಾರಣ ಗೊತ್ತಿಲ್ಲ ಎಂದು ಕೈಚೆಲ್ಲುತ್ತದೆ. ಗುರುತಿಸಿದ ಮೇಲೆ ಮೂರರಿಂದ ಐದು ವರ್ಷ ಎಂಬುದು ಹಳೆಯ ಲೆಕ್ಕ. ಈಗ ಪಿರ್ಫೆನಿಡೋನ್, ನಿಂಟೆಡಾನಿಬ್‌ನಂಥ ಔಷಧಿಗಳು ಕಲೆ ಹಬ್ಬುವುದನ್ನು ನಿಧಾನಿಸುತ್ತವೆ, ಅಳಿಸುವುದಿಲ್ಲ. ‘ನನಗೇ ಯಾಕೆ’ ಎಂದು ಆಕ್ಸಿಜನ್ ನಳಿಕೆಯ ಹಿಂದಿನಿಂದ ಕೇಳುವವರಿಗೆ ಯಾವ ಪಟ್ಟಿಯೂ ಉತ್ತರವಲ್ಲ. ಅಲ್ಲಿ ಒಬ್ಬರು ಹಣೆಬರಹವೆಂದರೆ, ಇನ್ನೊಬ್ಬರು ಅಲ್ಲಾಹನ ಇಚ್ಛೆಯೆಂದರೆ, ಮತ್ತೊಬ್ಬರು ಸುಮ್ಮನಿದ್ದರೆ ಯಾರಿಗೂ ಅನ್ಯಾಯವಿಲ್ಲ. ತಿಳಿದ ಕಾರಣಗಳೆಲ್ಲ ಮುಗಿದ ಮೇಲೆ ಬಂದ ಮಾತು ಅದು.

ಆದರೆ ಮುಗಿದಿವೆ ಎಂದು ಬೇಗ ತೀರ್ಮಾನಿಸುವುದೂ ಅಪಾಯವೇ. 2019ರಲ್ಲಿ ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು ಜಂಟಿಯಾಗಿ ಲೆಕ್ಕ ಹಾಕಿದಾಗ ಈ ‘ಕಾರಣವಿಲ್ಲದ’ ಕಾಯಿಲೆಯ ಹೊರೆಯಲ್ಲೂ ಶೇ 26ರಷ್ಟು ಕೆಲಸದ ಜಾಗದ ದೂಳು, ಹೊಗೆ, ಲೋಹದ ಪುಡಿಗೆ ಸೇರಬೇಕು ಎಂಬ ಅಂದಾಜು ಸಿಕ್ಕಿತು. ರೋಗಿಯನ್ನು ನೋಡುವಾಗ ‘ನೀನು ಮಾಡುವ ಕೆಲಸ ಏನು’ ಎಂದು ಕೇಳಿ ಎಂದು ಇಟಲಿಯ ರಾಮಾಜಿನಿ ವೈದ್ಯರಿಗೆ ಹೇಳಿದ್ದು 1700ರಲ್ಲಿ. ಕೇಳದೆ ಬಿಟ್ಟ ಪ್ರಶ್ನೆಗೂ ದೈವ ಎಂದೇ ಹೆಸರು ಬಿದ್ದಿದೆ.

ನಮ್ಮಲ್ಲಿ ಕೇಳುವವರು ಯಾರು? ಸಾವಿನ ಕಾರಣವನ್ನು ವೈದ್ಯರು ಬರೆಯುವ ನಮೂನೆ 4ರಲ್ಲಿ ಮೊದಲ ಸಾಲಿಗೆ ತಕ್ಷಣದ ಕಾರಣ, ಕೆಳಗೆ ಅದಕ್ಕೆ ಕಾರಣವಾದದ್ದು, ಕೊನೆಗೆ ಎಲ್ಲಕ್ಕೂ ಮೂಲವಾದದ್ದು ಬರೆಯಬೇಕು. ಹೃದಯ ವೈಫಲ್ಯದಂಥ ‘ಸಾಯುವ ರೀತಿ’ಯನ್ನು ಬರೆಯಬೇಡಿ ಎಂದು ಅದರಲ್ಲೇ ಅಚ್ಚಾಗಿದೆ. ಸಾವಿನ ಸರಪಳಿಯನ್ನು ಶುರುಮಾಡಿದ ಕಾಯಿಲೆ ಅಥವಾ ಗಾಯವೇ ಮೂಲಕಾರಣ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ಅಂದರೆ ನ್ಯಾಯಶಾಸ್ತ್ರದ ಪರೀಕ್ಷೆ ಸರ್ಕಾರಿ ಕಾಗದದ ಮೇಲೇ ಇದೆ. ಆದರೆ 2020ರ ವರದಿಯ ಪ್ರಕಾರ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು ಶೇ 22.5 ಮಾತ್ರ. ಇನ್ನು ವರ್ಷಗಳಿಂದ ಬಳಕೆಯಲ್ಲಿರುವ ಮರಣ ವರದಿಯ ನಮೂನೆಯಲ್ಲಿ ಸತ್ತವನು ಎಷ್ಟು ವರ್ಷ ಬೀಡಿ ಸಿಗರೇಟು ಸೇದಿದ, ಎಷ್ಟು ವರ್ಷ ಹೊಗೆಸೊಪ್ಪು, ಅಡಿಕೆ ಜಗಿದ, ಎಷ್ಟು ವರ್ಷ ಕುಡಿದ ಎಂಬ ಅಂಕಣಗಳಿವೆ. ಉದ್ಯೋಗ ಏನೆಂದು ಕೇಳುತ್ತದೆ. ಎಷ್ಟು ವರ್ಷ ಕಲ್ಲಿನ ದೂಳು ಕುಡಿದ ಎಂದು ಕೇಳುವುದಿಲ್ಲ.

ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್‌ನಂಥ ದೂಳಿನ ಕಾಯಿಲೆಗಳಿಗೆಂದೇ ನೀತಿ ರೂಪಿಸಿತು. ಕಾಯಿಲೆ ದೃಢಪಟ್ಟರೆ 3 ಲಕ್ಷ, ಸತ್ತರೆ ಮನೆಯವರಿಗೆ ಮತ್ತೆ 2 ಲಕ್ಷ. ಅಲ್ಲೂ ಎಲ್ಲ ನಿಂತಿರುವುದು ವೈದ್ಯರ ಮಂಡಳಿ ಕೊಡುವ ಒಂದು ಪ್ರಮಾಣಪತ್ರದ ಮೇಲೆ.

ಆದ್ದರಿಂದ ಕ್ರಷರ್, ಕಲ್ಲುಕ್ವಾರಿ, ಗ್ರಾನೈಟ್ ಪಾಲಿಶ್, ಗಣಿ, ಎರಕದ ಕಾರ್ಖಾನೆಗಳಲ್ಲಿ ದುಡಿದವರು ಮನೆಯಲ್ಲಿದ್ದರೆ, ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಹಳೆಯ ಎಕ್ಸ್‌ರೇಗಳನ್ನು ಬಿಸಾಡಬೇಡಿ. ಟಿ.ಬಿ. ಎಂದು ಹೇಳಿದ ವೈದ್ಯರಿಗೆ ಆ ಹಾಳೆ ತೋರಿಸಿ. ಸಾವು ಬಂದ ಮೇಲೆ ಪಂಚಾಯಿತಿಯಲ್ಲೋ ಪಾಲಿಕೆಯಲ್ಲೋ ಸಿಗುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ. 1969ರ ಕಾಯಿದೆಯೇ ಅದನ್ನು ಅಲ್ಲಿ ನಮೂದಿಸಬಾರದೆಂದು ಹೇಳುತ್ತದೆ. ಕಾರಣ ಇರುವುದು ವೈದ್ಯರು ಬರೆದ ಕಾಗದದಲ್ಲಿ. 2023ರ ತಿದ್ದುಪಡಿಯ ಬಳಿಕ ಅದರ ಒಂದು ಪ್ರತಿ ಹತ್ತಿರದ ಸಂಬಂಧಿಗೆ ಸಿಗಬೇಕು. ಅದನ್ನು ಕೇಳಿ ಪಡೆಯಿರಿ, ಕೊನೆಯ ಸಾಲಿನಲ್ಲಿ ಏನು ಬರೆದಿದೆ ಎಂದು ಓದಿ.